ಕಾಫಿ ತೋಟದ ಪಿಕಪ್ಪಿನ ಹಿಂದಿನ ಬಾಡಿಯೊಳಗೆ ಯಾವ ಲೈನರ್? ಒಂದು ಪ್ರಕರಣ ಅಧ್ಯಯನ

ಗಾಡಿ ಮಹೀಂದ್ರಾ ಬೊಲೆರೊ ಪಿಕಪ್. ಓಡುವುದು ಸಕಲೇಶಪುರದ ಕಡೆ ನಮ್ಮ ಭಾವನ ಕಾಫಿ ತೋಟದಲ್ಲಿ. ರೊಬಸ್ಟಾ ಜಾಸ್ತಿ, ಸ್ವಲ್ಪ ಅರೇಬಿಕಾ, ತಗ್ಗಿನಲ್ಲಿ ಅಡಿಕೆ, ಮರಗಳಿಗೆ ಹಬ್ಬಿದ ಮೆಣಸು. ಇಂಜಿನ್‌ಗೆ ಏನೂ ಆಗಿಲ್ಲ, ಟೈರ್ ಚೆನ್ನಾಗಿವೆ. ಆದರೆ ಹಿಂದಿನ ಬಾಡಿಯ ತಳದಲ್ಲಿ ಬಣ್ಣ ಎದ್ದು, ಶೀಟಿನ ಏರುತಗ್ಗುಗಳ ತಗ್ಗಿನಲ್ಲೆಲ್ಲ ತುಕ್ಕು ಶುರುವಾಗಿತ್ತು. ಇನ್ನೊಂದೆರಡು ಮಳೆಗಾಲ ಹಾಗೇ ಬಿಟ್ಟರೆ ತಳ ತೂತಾಗುವುದು ಖಂಡಿತ. ಏನಾದರೂ ಹಾಸಬೇಕು ಅಥವಾ ಬಳಿಯಬೇಕು ಅಂತ ವಿಚಾರಿಸಲು ಹೊರಟರೆ, ವೆಲ್ಡಿಂಗ್ ಶಾಪಿನವರು ಚೆಕ್ಕರ್ ಪ್ಲೇಟ್ (ಮೇಲೆ ಉಬ್ಬು ಗೆರೆಗಳಿರುವ ಲೋಹದ ಹಾಳೆ) ಅಂದರು, ಪೇಂಟಿಂಗ್ ಗ್ಯಾರೇಜಿನವರು ಟಾರ್ ಕೋಟಿಂಗ್ ಅಂದರು, ಪಕ್ಕದ ತೋಟದವರು ಹಳೆಯ ಕನ್ವೇಯರ್ ಬೆಲ್ಟ್ ಹಾಕಿ ಸುಮ್ನಿರಿ ಅಂದರು. ಎಲ್ಲರೂ ತಮ್ಮ ಕೈಲಿರುವುದನ್ನೇ ಹೇಳಿದರು, ಅದರಲ್ಲಿ ತಪ್ಪೇನಿಲ್ಲ.

ನಾವು ಬೇರೆ ಕಡೆಯಿಂದ ಶುರು ಮಾಡಿದೆವು. ಈ ಬಾಡಿಯಲ್ಲಿ ವರ್ಷವಿಡೀ ಏನೇನು ಬೀಳುತ್ತದೆ, ಮತ್ತು ಬಿದ್ದ ನೀರು ಎಲ್ಲಿ ಹೋಗುತ್ತದೆ? ಲೈನರ್, ಅಂದರೆ ತಳವನ್ನು ಕಾಯುವ ಹಾಸು ಅಥವಾ ಲೇಪ, ಆರಿಸುವಾಗ ಎಲ್ಲರೂ ಮೊದಲು ದಪ್ಪ ನೋಡುತ್ತಾರೆ. ಮಲೆನಾಡಿನ ಗಾಡಿಗೆ ಅದು ಎರಡನೇ ಪ್ರಶ್ನೆ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ನವೆಂಬರಿನಿಂದ ಫೆಬ್ರುವರಿವರೆಗೆ ಕಾಫಿ ಹಣ್ಣು. ಚೀಲದಲ್ಲಿ ಬಂದರೂ ರಸ ಸೋರುತ್ತದೆ, ತಳದಲ್ಲಿ ಅಂಟಂಟಾಗಿ ನಿಂತು ಹುಳಿಯಾಗುತ್ತದೆ. ಆಮೇಲೆ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು), ಪಾರ್ಚ್‌ಮೆಂಟ್ (ಸಿಪ್ಪೆ ತೆಗೆದು ಒಳಗಿನ ಹೊಟ್ಟಿನ ಸಮೇತ ಒಣಗಿಸಿದ ಬೀಜ) ಚೀಲಗಳು. ಬೇಸಿಗೆಯಲ್ಲಿ ಕೊಟ್ಟಿಗೆ ಗೊಬ್ಬರ, ಕಣದ ರಿಪೇರಿಗೆ ಜಲ್ಲಿ, ಎಂ ಸ್ಯಾಂಡ್, ಕೆಲವೊಮ್ಮೆ ಸೈಜುಗಲ್ಲು. ಮಳೆಗೆ ಮುಂಚೆ ಮತ್ತು ಮಳೆ ಬಿಟ್ಟ ಮೇಲೆ ಯೂರಿಯಾ, ಪೊಟ್ಯಾಷ್ ಚೀಲ. ಅಡಿಕೆಗೆ ಕೊಳೆರೋಗ ಬರಬಾರದು ಅಂತ ಹೊಡೆಯುವ ಬೋರ್ಡೋ ದ್ರಾವಣದ ಡ್ರಮ್ಮುಗಳು. ಇದರ ಜೊತೆ ಕಳೆ ಕೊಯ್ಯುವ ಮಷೀನಿನ ಪೆಟ್ರೋಲ್ ಕ್ಯಾನ್, ಸೌದೆ, ಏಣಿ, ಹಾಲಿನ ಕ್ಯಾನ್, ಒಮ್ಮೊಮ್ಮೆ ಹಸು. ಮೇಲಿಂದ ತಿಂಗಳುಗಟ್ಟಲೆ ಬಿಡದ ಮಳೆ.

ಜಲ್ಲಿ, ಕಲ್ಲು ಮಾಡುವ ಏಟು ಕಣ್ಣಿಗೆ ಕಾಣುತ್ತದೆ, ಹಾಗಾಗಿ ಎಲ್ಲರೂ ಅದಕ್ಕೇ ಹೆದರುತ್ತಾರೆ. ಆದರೆ ತಳವನ್ನು ತಿನ್ನುತ್ತಿದ್ದುದು ಗೊಬ್ಬರ ಮತ್ತು ಬೋರ್ಡೋ. ಪೊಟ್ಯಾಷ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ಹತ್ತಿರದ ಸಂಬಂಧಿ. ಚೀಲದ ಹೊಲಿಗೆಯಿಂದ ಉದುರಿದ ಪುಡಿ ತೇವಕ್ಕೆ ಕರಗಿ ಶೀಟಿನ ಜಾಯಿಂಟಿಗೆ ಇಳಿದರೆ ಸಮುದ್ರದ ನೀರು ನಿಂತ ಹಾಗೇ. ಬೋರ್ಡೋ ವಿಷಯ ಇನ್ನೂ ಗಂಭೀರ. ಶೇಕಡಾ 1ರ ದ್ರಾವಣ ಅಂದರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ. ಮೈಲುತುತ್ತದ ನೀರು ಕಬ್ಬಿಣಕ್ಕೆ ತಾಗಿದರೆ ಕಬ್ಬಿಣ ಕರಗುತ್ತದೆ, ಅದರ ಜಾಗದಲ್ಲಿ ತಾಮ್ರ ಕೂರುತ್ತದೆ. ಅಡಿಕೆ ಬೆಳೆಯುವವರಿಗೆ ಇದು ಗೊತ್ತಿರುವುದೇ ಅಲ್ವಾ? ಸುಣ್ಣ ಸಾಕಾಗಿದೆಯಾ ಅಂತ ನೋಡಲು ದ್ರಾವಣದಲ್ಲಿ ಚಾಕು ಅದ್ದುತ್ತೇವೆ, ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ಇನ್ನಷ್ಟು ಸುಣ್ಣ ಹಾಕುತ್ತೇವೆ. ಚಾಕುವಿಗೆ ಆಗುವುದೇ ಗಾಡಿಯ ತಳಕ್ಕೂ ಆಗುತ್ತದೆ. ಸರಿಯಾಗಿ ಬೆರೆಸಿದ ಬೋರ್ಡೋಗಿಂತ, ಬರಿಯ ಮೈಲುತುತ್ತ ಕರಗಿಸಿಟ್ಟ ಡ್ರಮ್ಮಿನಿಂದ ತುಳುಕಿದ ನೀರೇ ಜಾಸ್ತಿ ಅಪಾಯ.

ಈ ಪಟ್ಟಿ ಕೈಯಲ್ಲಿ ಇಟ್ಟುಕೊಂಡು ಒಂದೊಂದೇ ಆಯ್ಕೆ ನೋಡುತ್ತಾ ಹೋದರೆ, ದಾರಿಯಲ್ಲಿ ಸುಲಭವಾಗಿ ಕಾಣುತ್ತಿದ್ದ ಕೆಲವು ಅಲ್ಲಲ್ಲೇ ಬಿದ್ದುಹೋದವು.

ಮೊದಲಿಗೆ ರೆಡಿಮೇಡ್ ಪ್ಲಾಸ್ಟಿಕ್ ಲೈನರ್. ತೊಟ್ಟಿಯ ಅಚ್ಚಿನಲ್ಲೇ ಬರುತ್ತದೆ, ಎತ್ತಿ ಒಳಗೆ ಕೂರಿಸಿದರೆ ಆಯಿತು. ಸಾಮಾನ್ಯವಾಗಿ ಗಟ್ಟಿ ಪಾಲಿಎಥಿಲೀನ್. ಇಸುಜು ವಿ-ಕ್ರಾಸ್, ಬಿಡದಿಯಲ್ಲಿ ತಯಾರಾಗುವ ಟೊಯೊಟಾ ಹೈಲಕ್ಸ್ ಥರದ, ಅಕ್ಕಪಕ್ಕ ಗಟ್ಟಿ ಗೋಡೆಯಿರುವ ಗಾಡಿಗಳಿಗೆ ಅದು ಹೊಂದುತ್ತದೆ. ನಮ್ಮದು ಮೂರು ಕಡೆ ಡೋರ್ ಬೀಳುವ ಸಪಾಟು ಬಾಡಿ. ಪಕ್ಕದ ಡೋರ್ ಇಳಿಸಿ ಚೀಲ ಹೇರುವುದೇ ಇಲ್ಲಿ ರೂಢಿ, ಅಚ್ಚಿನ ಲೈನರ್ ಕೂರಿಸಿದರೆ ಆ ಅನುಕೂಲವೇ ಹೋಯಿತು. ಹೊಂದುವ ಗಾಡಿಗಳವರಿಗೂ ಒಂದು ಮಾತು ಹೇಳಬೇಕು: ಲೈನರ್ ಮತ್ತು ತಳದ ನಡುವೆ ಮರಳು, ನೀರು ಸೇರುತ್ತದೆ. ಗಾಡಿ ಅದುರಿದಾಗಲೆಲ್ಲ ಆ ಮರಳು ಬಣ್ಣವನ್ನು ಉಜ್ಜುತ್ತದೆ, ಬಣ್ಣ ಹೋದ ಕಡೆ ನೀರು ನಿಲ್ಲುತ್ತದೆ, ಮೇಲಿಂದ ನೋಡಿದರೆ ಎಲ್ಲ ಹೊಸದರ ಹಾಗೇ ಇರುತ್ತದೆ. ಹಾಕಿಸಿದವರು ವರ್ಷಕ್ಕೊಮ್ಮೆಯಾದರೂ ಅದನ್ನು ಎತ್ತಿ ಅಡಿ ತೊಳೆದು ಒಣಗಿಸಬೇಕು. ಎತ್ತುವವರು ತುಂಬಾ ಕಡಿಮೆ. ಜೊತೆಗೆ ಆ ಪ್ಲಾಸ್ಟಿಕ್ ಜಾರುತ್ತದೆ, ಶಿರಾಡಿ ಘಾಟಿಯ ತಿರುವಿನಲ್ಲಿ ಸರಿಯಾಗಿ ಕಟ್ಟದ ಡ್ರಮ್ ಈ ಕಡೆಯಿಂದ ಆ ಕಡೆಗೆ ಹೋಗುತ್ತದೆ.

ಕಬ್ಬಿಣದ ಚೆಕ್ಕರ್ ಪ್ಲೇಟ್ ಅಂದರೆ ನಮ್ಮ ಕಡೆ ಎಲ್ಲರಿಗೂ ನಂಬಿಕೆ. ಕಲ್ಲು ಬಿದ್ದರೂ ಏನೂ ಆಗುವುದಿಲ್ಲ, ಸಲಿಕೆ ಸಲೀಸಾಗಿ ಓಡುತ್ತದೆ, ಯಾವ ವೆಲ್ಡಿಂಗ್ ಶಾಪಿನಲ್ಲೂ ಆಗುತ್ತದೆ. ತೂಕ ಲೆಕ್ಕ ಹಾಕಿ ನೋಡಿ. 9 ಅಡಿಗೆ ಐದೂವರೆ ಅಡಿ ತಳ ಅಂದರೆ ಸುಮಾರು 4.6 ಚದರ ಮೀಟರ್. 3 ಮಿಲಿಮೀಟರಿನ ಪ್ಲೇಟ್ ಚದರ ಮೀಟರಿಗೆ ಸುಮಾರು 25 ಕೆಜಿ ತೂಗುತ್ತದೆ. ಒಟ್ಟು 115 ಕೆಜಿ! 50 ಕೆಜಿಯ ಎರಡು ಚೀಲಕ್ಕಿಂತ ಜಾಸ್ತಿ ತೂಕವನ್ನು ಗಾಡಿ ಖಾಲಿ ಓಡುವಾಗಲೂ ಹೊರಬೇಕು. ಓವರ್‌ಲೋಡ್ ಹಿಡಿದರೆ ಮೋಟಾರು ವಾಹನ ಕಾಯಿದೆಯ 2019ರ ತಿದ್ದುಪಡಿಯ ಪ್ರಕಾರ ದಂಡವೇ 20,000 ರೂಪಾಯಿ, ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000. ಕಾಯಿದೆಯ ಮಿತಿಯೊಳಗೆ ಹೇರುವವರಿಗೆ ಈ 115 ಕೆಜಿ ಅಂದರೆ ಬಾಡಿಗೆ ಆದಾಯದಲ್ಲೇ ಕಡಿತ. ಇದಕ್ಕಿಂತ ನನ್ನನ್ನು ಕಾಡಿದ್ದು ಅದರ ಅಡಿಯ ಜಾಗ. ಪ್ಲೇಟನ್ನು ಅಲ್ಲಲ್ಲಿ ಟ್ಯಾಕ್ ವೆಲ್ಡ್ ಮಾಡುತ್ತಾರೆ. ಆ ಶಾಖಕ್ಕೆ ಸುತ್ತಲಿನ ಬಣ್ಣ ಸುಡುತ್ತದೆ. ಎರಡು ಶೀಟಿನ ನಡುವೆ ಕೂದಲೆಳೆಯ ಸಂದು ಉಳಿಯುತ್ತದೆ, ಪೊಟ್ಯಾಷ್ ನೀರು ಅಲ್ಲಿಗೆ ಇಳಿದರೆ ಮತ್ತೆ ಹೊರಗೆ ಬರುವುದಿಲ್ಲ. ಮೇಲಿನ ಪ್ಲೇಟ್ ಗಟ್ಟಿಯಾಗೇ ಇರುತ್ತದೆ, ಅಡಿಯ ತಳ ಕರಗಿರುತ್ತದೆ.

ಹಾಗಾದರೆ ಅಲ್ಯೂಮಿನಿಯಂ? ಭಾವನ ಮನಸ್ಸು ಇದ್ದುದು ಇದರ ಮೇಲೇ. "ತುಕ್ಕೇ ಹಿಡಿಯಲ್ಲ, ತೂಕ 40 ಕೆಜಿ ಒಳಗೆ, ಹೊಳಪು ಬೇರೆ. ಇದನ್ನೇ ಹಾಕಿಸಿಬಿಡೋಣ ಕಣೋ" ಅಂದರು. ತರಕಾರಿ ಸಾಗಿಸುವ ಗಾಡಿಯಾಗಿದ್ದರೆ ನಾನೂ ಹೂಂ ಅನ್ನುತ್ತಿದ್ದೆ. "ಭಾವ, ಬೋರ್ಡೋ ಡ್ರಮ್ ಇಡೋ ಗಾಡಿಗೆ ಅಲ್ಯೂಮಿನಿಯಂ ಬೇಡ" ಅಂತ ಹೇಳಿ ಕಾರಣ ಬಿಡಿಸಿದೆ. ಅಲ್ಯೂಮಿನಿಯಂಗೆ ಸುಣ್ಣವೂ ಆಗುವುದಿಲ್ಲ, ಮೈಲುತುತ್ತವೂ ಆಗುವುದಿಲ್ಲ, ಪೊಟ್ಯಾಷಿನ ಕ್ಲೋರೈಡೂ ಆಗುವುದಿಲ್ಲ. ಅದನ್ನು ಕಾಯುವ ಮೇಲಿನ ತೆಳು ಪದರವನ್ನು ಸುಣ್ಣದ ಕ್ಷಾರ ಕರಗಿಸುತ್ತದೆ, ತಾಮ್ರದ ನೀರು ಬಿದ್ದಲ್ಲಿ ಗುಳಿ ಬೀಳುತ್ತದೆ. ಸಾಲದ್ದಕ್ಕೆ ಉಪ್ಪು ನೀರಿನ ನಡುವೆ ಕಬ್ಬಿಣಕ್ಕೆ ತಾಗಿಕೊಂಡಿದ್ದರೆ ಅಲ್ಯೂಮಿನಿಯಂ ಇನ್ನೂ ಬೇಗ ತಿನ್ನಿಸಿಕೊಳ್ಳುತ್ತದೆ. ಅಲ್ಯೂಮಿನಿಯಂಗೆ ವೈರಿಯಾದ ಈ ಮೂರೂ ವಸ್ತುಗಳು ಒಂದೇ ಗಾಡಿಯಲ್ಲಿ ಓಡಾಡುವುದು ಅಡಿಕೆ ಇರುವ ಕಾಫಿ ತೋಟದಲ್ಲೇ ಇರಬೇಕು.

ಪ್ಲೈವುಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಣ ಊರಿನಲ್ಲಿ ಒಳ್ಳೆಯದೇ, ಇಲ್ಲಿ ಮರೈನ್ ಪ್ಲೈ ಹಾಕಿದರೂ ಬೋಲ್ಟಿನ ತೂತಿನಿಂದ ನೀರು ಕುಡಿದು ಉಬ್ಬುತ್ತದೆ. ಅಡಿಯ ಶೀಟನ್ನು ಸದಾ ಒದ್ದೆಯಾಗಿ ಇಡುತ್ತದೆ. ಫೈಬರ್ ಹಾಸು ಮೀನು ಸಾಗಿಸುವವರಿಗೆ ಸರಿ, ಅದಕ್ಕೆ ಉಪ್ಪು ನೀರಿನ ಹೆದರಿಕೆಯಿಲ್ಲ, ತೊಳೆದರೆ ವಾಸನೆ ಹೋಗುತ್ತದೆ. ಸೈಜುಗಲ್ಲು ಬಿದ್ದರೆ ಬಿರುಕು ಬಿಡುತ್ತದೆ.

ಟಾರ್ ಕೋಟಿಂಗ್, ಅಂದರೆ ಗಾಡಿಯ ಅಡಿಗೆ ಹೊಡೆಯುವ ಆ ಕಪ್ಪು ಬಿಟುಮೆನ್ ಕೋಟಿಂಗನ್ನೇ ಬಾಡಿಯ ಒಳಗೂ ಹೊಡೆಯುವುದು, ಎಲ್ಲಕ್ಕಿಂತ ಅಗ್ಗ. ನೀರನ್ನೂ ತಡೆಯುತ್ತದೆ. ಆದರೆ ಬಿಸಿಲಿಗೆ ಮೆತ್ತಗಾಗಿ ಗೋಣಿ ಚೀಲಕ್ಕೆ ಅಂಟುತ್ತದೆ. ವಾಸನೆ ಹೋಗುವುದಿಲ್ಲ. ಕಾಫಿ ಸುತ್ತಲಿನ ವಾಸನೆಯನ್ನೆಲ್ಲ ಹೀರಿಕೊಳ್ಳುವ ವಸ್ತು. ವರ್ಷವಿಡೀ ದುಡಿದು, ಕೊಯ್ದು, ಪಲ್ಪ್ ಮಾಡಿ, ಕಣದಲ್ಲಿ ಮಳೆಗೆ ಹೆದರಿ ಹೆದರಿ ಒಣಗಿಸಿದ ಪಾರ್ಚ್‌ಮೆಂಟ್, ಹೊಟ್ಟು ಬಿಡಿಸುವ ಕ್ಯೂರಿಂಗ್‌ಗೆ ಹೋಗುವ ದಾರಿಯಲ್ಲಿ ಡಾಂಬರು ವಾಸನೆ ಹಿಡಿದರೆ ಯಾರಿಗೆ ಹೇಳುವುದು? ಇದನ್ನು ಯಾವ ಕಾಫಿ ಗಾಡಿಗೂ ನಾನು ಒಪ್ಪುವುದಿಲ್ಲ.

ಕನ್ವೇಯರ್ ಬೆಲ್ಟ್ ಬಗ್ಗೆ ನನಗೆ ಗೌರವವಿದೆ. ಕ್ರಷರ್, ಗಣಿಗಳಲ್ಲಿ ಸವೆದ ಬೆಲ್ಟು ಗುಜರಿಯಲ್ಲಿ ಸಿಗುತ್ತದೆ, ಕಲ್ಲಿನ ಏಟು ತಿಂದೇ ಬೆಳೆದ ವಸ್ತು. ತೊಂದರೆ ಎರಡು. ಒಳಗಿನ ಬಟ್ಟೆಯ ಪದರ ಕತ್ತರಿಸಿದ ಅಂಚಿನಲ್ಲಿ ನೀರು ಹೀರುತ್ತದೆ. ಅಡಿ ಸಪಾಟಾಗಿರುವುದರಿಂದ ತಳಕ್ಕೆ ಒತ್ತಿಕೊಂಡು ತೇವ ಹಿಡಿದಿಡುತ್ತದೆ. ರಬ್ಬರ್ ಬೇಕು, ಆದರೆ ಅಡಿಯಲ್ಲಿ ಗಾಳಿಯಾಡುವ ರಬ್ಬರ್ ಬೇಕು ಅನ್ನುವಲ್ಲಿಗೆ ಬಂದು ನಿಂತೆವು. ಅದು ಕೊಟ್ಟಿಗೆಯಲ್ಲೇ ಇತ್ತು! ಹಸುಗಳಿಗೆ ಹಾಸುವ ಕೌ ಮ್ಯಾಟ್. ಆರೂವರೆ ಅಡಿಗೆ ನಾಲ್ಕಡಿ, ದಪ್ಪ ಒಂದೂವರೆ ಸೆಂಟಿಮೀಟರ್ ಆಸುಪಾಸು, ಅಡಿಯಲ್ಲಿ ಗಂಜಲ ಹರಿದು ಹೋಗಲೆಂದೇ ಮಾಡಿದ ಕಾಲುವೆಗಳು. ಒಂದೊಂದೂ 40 ಕೆಜಿಯ ಹತ್ತಿರ ತೂಗುತ್ತದೆ, ಇಬ್ಬರು ಸೇರಿ ಎತ್ತಬಹುದು. ಕಲ್ಲು, ಜಲ್ಲಿ ತರುವ ದಿನ ಮಾತ್ರ ಹಾಸಿ, ಕೆಲಸ ಮುಗಿದ ಮೇಲೆ ತೆಗೆದಿಟ್ಟರೆ ಅದರ ತೂಕ ಪ್ರತಿದಿನದ ಹೊರೆಯಾಗುವುದಿಲ್ಲ.

ಹಾಗಾಗಿ ಏಟಿನ ಚಿಂತೆ ಮ್ಯಾಟಿಗೆ ಹೋಯಿತು. ಉಳಿದದ್ದು ನೀರು ಮತ್ತು ರಾಸಾಯನಿಕ. ಅದಕ್ಕೆ ತಳಕ್ಕೇ ಅಂಟಿಕೊಂಡು, ಅಡಿಯಲ್ಲಿ ಸಂದೇ ಉಳಿಸದ ಸ್ಪ್ರೇ ಕೋಟಿಂಗ್ ಬೇಕು. ಇದರಲ್ಲಿ ಎರಡು ದಾರಿಯಿವೆ. ಒಂದು ಬಿಸಿ ಪಾಲಿಯೂರಿಯಾ. ಎರಡು ದ್ರವಗಳನ್ನು ಬಿಸಿ ಮಾಡಿ ಜೋರಾದ ಒತ್ತಡದಲ್ಲಿ ಗನ್ನಿನ ಬಾಯಲ್ಲೇ ಬೆರೆಸಿ ಹೊಡೆಯುತ್ತಾರೆ, ಕೆಲವೇ ಸೆಕೆಂಡುಗಳಲ್ಲಿ ಗಟ್ಟಿಯಾಗುತ್ತದೆ, ಎರಡು ಮೂರು ಮಿಲಿಮೀಟರ್ ದಪ್ಪ ಸಲೀಸಾಗಿ ಕೂರುತ್ತದೆ. ಅಮೆರಿಕದಲ್ಲಿ ಪಿಕಪ್ಪಿಗೆ ಇಂಥ ಸ್ಪ್ರೇ ಹೊಡೆಯುವ ಅಂಗಡಿಗಳೇ ಊರೂರಲ್ಲಿವೆ, ಲೈನ್-ಎಕ್ಸ್, ರೈನೋ ಲೈನಿಂಗ್ಸ್ ಹೆಸರು ಕೇಳಿರಬಹುದು. ಇಲ್ಲಿ ಆ ಮಷೀನ್ ಹೆಚ್ಚಾಗಿ ತಾರಸಿ, ಟ್ಯಾಂಕುಗಳ ವಾಟರ್‌ಪ್ರೂಫಿಂಗ್ ಮಾಡುವವರ ಹತ್ತಿರ ಇರುತ್ತದೆ. ಇನ್ನೊಂದು, ಗ್ಯಾರೇಜಿನ ಕಂಪ್ರೆಸರಿನಲ್ಲೇ ಹೊಡೆಯಬಹುದಾದ ಟೂ-ಪ್ಯಾಕ್ ಪಾಲಿಯುರೆಥೇನ್ ಕಿಟ್. ರಾಪ್ಟರ್ ಅನ್ನುವುದು ಈ ಜಾತಿಯದು, ಮೂರು ಪಾಲು ಪೇಂಟಿಗೆ ಒಂದು ಪಾಲು ಹಾರ್ಡ್‌ನರ್. ಎರಡು ಕೋಟಿನ ನಂತರವೂ ದಪ್ಪ ಹೆಚ್ಚೆಂದರೆ 1 ಮಿಲಿಮೀಟರ್, ಗಾಡಿಗೆ ಸೇರುವ ತೂಕ ನಾಲ್ಕೈದು ಕೆಜಿ.

ಗಟ್ಟಿ ಯಾವುದು ಅಂದರೆ ಪಾಲಿಯೂರಿಯಾನೇ, ಅನುಮಾನವಿಲ್ಲ. ದಿನಾ ಕಲ್ಲು ಹೊಡೆಯುವ ಗಾಡಿಯಾದರೆ ಅದನ್ನೇ ಹುಡುಕಿಕೊಂಡು ಹೋಗಿ. ನಾವು ಎರಡನೆಯದನ್ನು ಆರಿಸಿದ್ದಕ್ಕೆ ಕಾರಣ ರಿಪೇರಿ. ತೋಟದ ಗಾಡಿಗೆ ಗೀರು ಬಿದ್ದೇ ಬೀಳುತ್ತದೆ. ಗೀರು ಬಿದ್ದಾಗಲೆಲ್ಲ 220 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಲು ಆಗುವುದಿಲ್ಲ. ಟೂ-ಪ್ಯಾಕ್ ಆದರೆ ಚಿಕ್ಕ ಬಾಟಲಿ ತಂದು, ಆ ಜಾಗ ಉಜ್ಜಿ, ಬ್ರಶ್ಶಿನಲ್ಲೇ ಮುಚ್ಚಬಹುದು.

ಕೆಲಸದ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಸ್ಪ್ರೇ ಲೈನರ್ ಸೋಲುವುದು ಬಹುತೇಕ ಇಲ್ಲೇ. ಕಾಲ ಮಾರ್ಚ್ ಇಟ್ಟುಕೊಂಡೆವು. ಕೊಯ್ಲು ಮುಗಿದಿರುತ್ತದೆ, ಗಾಳಿ ಒಣಗಿರುತ್ತದೆ. ಈ ಹಾರ್ಡ್‌ನರಿನಲ್ಲಿ ಐಸೊಸಯನೇಟ್ ಇರುತ್ತದೆ, ಅದು ನೀರಿನ ಜೊತೆ ಸೇರಿದರೆ ಗ್ಯಾಸ್ ಹುಟ್ಟಿ ಪದರದಲ್ಲಿ ಗುಳ್ಳೆ ಏಳುತ್ತದೆ. ಮಳೆಗಾಲದಲ್ಲಿ ಯಾರಾದರೂ ಮಾಡಿಕೊಡುತ್ತೇವೆ ಅಂದರೆ ಬೇಡ ಅನ್ನಿ.

ಮೊದಲು ಬೋಲ್ಟ್ ಬಿಚ್ಚಿ ಕಂಬಿ, ಕೊಕ್ಕೆ ತೆಗೆಸಿದೆವು. ಸೋಪು ನೀರಿನಲ್ಲಿ ಎರಡು ಸಲ ತೊಳೆದು, ಜಾಯಿಂಟುಗಳಿಗೆ ಪ್ರೆಶರ್ ನೀರು ಬಿಟ್ಟು, ಬಿಸಿಲಿಗೆ ಒಣಗಿಸಿ, ಗ್ರೈಂಡರಿಗೆ ವೈರ್ ಬ್ರಶ್ ಹಾಕಿ ತುಕ್ಕು ಬಿಡಿಸಿದರು. ಗುಳಿಯೊಳಗೆ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಸಿಡ್ ಇರುವ ರಸ್ಟ್ ಕನ್ವರ್ಟರ್, ಮತ್ತೆ ತೊಳೆದು ಒಣಗಿಸುವುದು. ಒಂದು ಮೂಲೆಯಲ್ಲಿ ಶೀಟು ತೀರಾ ತೆಳುವಾಗಿತ್ತು, ಅಲ್ಲಿ ತುಂಡು ಕತ್ತರಿಸಿ ಹೊಸ ಶೀಟ್ ವೆಲ್ಡ್ ಮಾಡಿಸಿದೆವು. ಕೋಟಿಂಗಿನಿಂದ ತೂತು ಮುಚ್ಚಲು ಹೋಗಬಾರದು. ಜಾಯಿಂಟುಗಳಿಗೆಲ್ಲ ಸಂದು ಮುಚ್ಚುವ ಸೀಮ್ ಸೀಲರ್. ಅದರ ಮೇಲೆ ಟೂ-ಪ್ಯಾಕ್ ಎಪಾಕ್ಸಿ ಪ್ರೈಮರ್. ನನ್ನ ಪ್ರಕಾರ ತುಕ್ಕನ್ನು ನಿಜವಾಗಿ ತಡೆಯುವುದು ಈ ಪ್ರೈಮರ್, ಲೈನರ್ ಅದನ್ನು ಗೀರಿನಿಂದ ಕಾಯುತ್ತದೆ. ಪ್ರೈಮರ್ ಉಳಿಸಿ ದುಡ್ಡು ಉಳಿಸುವ ಗ್ಯಾರೇಜಿನವರಿಗೆ ಕೆಲಸ ಕೊಡಬೇಡಿ.

ನೀರು ಹೋಗುವ ತೂತುಗಳಿಗೆ ಕಡ್ಡಿ ಸಿಕ್ಕಿಸಿಟ್ಟರು, ಕೋಟಿಂಗ್ ಒಳಗೆ ಕೂತು ಮುಚ್ಚಿಹೋಗಬಾರದು ಅಂತ. ಬೋಲ್ಟ್ ತೂತುಗಳ ಅಂಚಿಗೂ ಬ್ರಶ್ಶಿನಲ್ಲಿ ಪ್ರೈಮರ್ ಮುಟ್ಟಿಸಿದರು. ಗನ್ನಿಗೆ ಗಾಳಿಯ ಒತ್ತಡ 40ರಿಂದ 60 ಪಿಎಸ್‌ಐ. ಒತ್ತಡ ಜಾಸ್ತಿ ಮಾಡಿದರೆ ಮೇಲ್ಮೈ ನುಣುಪಾಗುತ್ತದೆ, ಕಡಿಮೆ ಮಾಡಿದರೆ ದೊರಗಾಗುತ್ತದೆ. ತಳಕ್ಕೆ ಸ್ವಲ್ಪ ನುಣುಪೇ ಇರಲಿ ಅಂತ ಕೇಳಿದೆವು, ದೊರಗಾದರೆ ಗೊಬ್ಬರ ಎಳೆಯುವ ಸಲಿಕೆ ತಡವರಿಸುತ್ತದೆ, ಹಣ್ಣಿನ ಸಿಪ್ಪೆ ಸಂದಿಯಲ್ಲಿ ಕೂರುತ್ತದೆ. ಮೊದಲ ಕೋಟ್ ತೆಳುವಾಗಿ, ಒಂದು ಗಂಟೆ ಬಿಟ್ಟು ಎರಡನೆಯದು. ಒಂದು ವಾರ ಭಾರ ಹೇರಲಿಲ್ಲ.

ಇಲ್ಲಿ ಒಂದು ವಿಷಯ ಬಿಡುವಂತಿಲ್ಲ. ಸ್ಪ್ರೇ ಹೊಡೆಯುವ ಹುಡುಗ ಬಾಯಿಗೆ ಕರ್ಚೀಫ್ ಕಟ್ಟಿಕೊಂಡು ನಿಂತಿದ್ದ. ಐಸೊಸಯನೇಟ್ ಆವಿ ಒಮ್ಮೆ ಶ್ವಾಸಕೋಶಕ್ಕೆ ಒಗ್ಗದ ಹಾಗಾದರೆ ಆಮೇಲೆ ಒಂದಿಷ್ಟು ತಾಗಿದರೂ ಅಸ್ತಮಾ ಬರುತ್ತದೆ, ಆ ಕಸುಬನ್ನೇ ಬಿಡಬೇಕಾಗುತ್ತದೆ. ಕರ್ಚೀಫ್ ಅದನ್ನು ತಡೆಯುವುದಿಲ್ಲ. ಹೊರಗಿನ ಶುದ್ಧ ಗಾಳಿ ಕೊಡುವ ಮಾಸ್ಕ್ ಇದ್ದರೆ ಎಲ್ಲಕ್ಕಿಂತ ಒಳ್ಳೆಯದು, ಅದಿಲ್ಲದಿದ್ದರೆ ಕೊನೇಪಕ್ಷ ಪೇಂಟ್ ಆವಿ ಹಿಡಿಯುವ ಕಾರ್ಟ್ರಿಜ್ ಇರುವ ಮಾಸ್ಕ್, ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಕಾರ್ಟ್ರಿಜ್ ಮಾಸ್ಕ್ ತರಿಸಿದ ಮೇಲೆಯೇ, ಶೆಡ್ಡಿನ ಹೊರಗೆ ಗಾಳಿಯಲ್ಲಿ ಕೆಲಸ ಮುಂದುವರಿಯಿತು. ನಿಮ್ಮ ಗಾಡಿಗೆ ಮಾಡಿಸುವಾಗ ದಯವಿಟ್ಟು ಇದನ್ನು ಕೇಳಿ. ಗಾಡಿಯ ತಳಕ್ಕಿಂತ ಆ ಹುಡುಗನ ಎದೆ ಮುಖ್ಯ.

ಒಂದು ಪೂರಾ ಮಳೆಗಾಲ, ಒಂದು ಕೊಯ್ಲು ಕಳೆದ ಮೇಲೆ ಬಾಡಿ ಹೇಗಿದೆ? ತಳದಲ್ಲಿ ಗುಳ್ಳೆ ಎದ್ದಿಲ್ಲ, ಜಾಯಿಂಟಿನಿಂದ ಕೆಂಪು ನೀರು ಇಳಿಯುತ್ತಿಲ್ಲ. ಬೋರ್ಡೋ ಚೆಲ್ಲಿದ ಕಡೆ ನೀಲಿ ಕಲೆ ಕೂತಿದೆ, ಕೋಟಿಂಗಿಗೆ ಏನೂ ಆಗಿಲ್ಲ. ಕಪ್ಪು ಬಣ್ಣ ಬಿಸಿಲಿಗೆ ಸ್ವಲ್ಪ ಮಂಕಾಗಿದೆ. ಹಿಂದಿನ ಡೋರಿನ ಹತ್ತಿರದ ಅಂಚಿನಲ್ಲಿ ಕಬ್ಬಿಣದ ಡ್ರಮ್ ಎಳೆದು ಎಳೆದು ಕೋಟಿಂಗ್ ಹರಿದು ಪ್ರೈಮರ್ ಕಾಣುತ್ತಿತ್ತು, ಅದನ್ನು ಉಜ್ಜಿ ಮುಚ್ಚಿದೆವು. ಇನ್ನೊಮ್ಮೆ ಮಾಡಿಸುವವರು ಆ ಅಂಚಿಗೆ ಮೊದಲೇ ಮೂರನೇ ಕೋಟ್ ಹೊಡೆಸುವುದು ಒಳ್ಳೆಯದು, ಎಲ್ಲ ಸಾಮಾನೂ ಒಳಗೆ ಹೋಗುವುದು, ಹೊರಗೆ ಬರುವುದು ಅದರ ಮೇಲೆಯೇ ತಾನೆ?

ದೂರು ಬಂದಿದ್ದು ಲೋಡಿಂಗ್ ಮಾಡುವವರಿಂದ. "ಸಾಹುಕಾರ್ರೇ, ಮೊದಲು ಚೀಲ ಎಳೆದರೆ ಜಾರ್ತಿತ್ತು, ಈಗ ಹಿಡ್ಕೊಳ್ತದೆ" ಅಂದರು. ಮಾತು ನಿಜ. ಘಾಟಿಯಲ್ಲಿ ಚೀಲ ಜಾರದಂತೆ ಹಿಡಿಯುವ ಗುಣವೇ ಎಳೆಯುವಾಗ ಅಡ್ಡ ಬರುತ್ತದೆ, ಗೋಣಿಯ ನೂಲೂ ಸವೆಯುತ್ತದೆ. ಈಗ ಕಾಫಿ ಚೀಲ ಹೇರುವ ದಿನ ಮೊದಲು ಒಂದು ಶುದ್ಧ ಟಾರ್ಪಾಲ್ ಹಾಸುತ್ತಾರೆ. ಚೀಲ ಅದರ ಮೇಲೆ ಜಾರುತ್ತದೆ, ಹಿಂದಿನ ದಿನದ ಗೊಬ್ಬರದ ವಾಸನೆಯೂ ತಾಗುವುದಿಲ್ಲ. ಆಮೇಲೆ ಹಗ್ಗ ಬಿಗಿಯಾಗಿ ಕಟ್ಟಲೇಬೇಕು.

ಪೆಟ್ರೋಲ್ ಕ್ಯಾನ್ ವಿಷಯ ಯಾವ ಲೈನರ್ ಹಾಕಿಸಿದವರೂ ತಿಳಿದಿರಬೇಕು. ಪ್ಲಾಸ್ಟಿಕ್ ಹಾಸಿನ ಮೇಲೆ ಕ್ಯಾನ್ ಇಟ್ಟು ಪೆಟ್ರೋಲ್ ತುಂಬಿಸಿದರೆ ಹುಟ್ಟುವ ಸ್ಟ್ಯಾಟಿಕ್ ಕರೆಂಟ್ ನೆಲಕ್ಕೆ ಇಳಿಯಲು ದಾರಿ ಇರುವುದಿಲ್ಲ, ಒಂದು ಕಿಡಿ ಸಾಕು. ಇಂಥ ಬೆಂಕಿ ಅನಾಹುತಗಳನ್ನು ನೋಡಿ ಅಮೆರಿಕದ ಕೆಲಸಗಾರರ ಸುರಕ್ಷತೆಯ ಸರ್ಕಾರಿ ಸಂಸ್ಥೆ ನಿಯೋಶ್ 1990ರ ದಶಕದಲ್ಲೇ ಎಚ್ಚರಿಕೆ ಕೊಟ್ಟಿತ್ತು. ಬಂಕಿನಲ್ಲಿ ಕ್ಯಾನನ್ನು ಗಾಡಿಯಿಂದ ಇಳಿಸಿ ನೆಲದ ಮೇಲಿಟ್ಟೇ ತುಂಬಿಸಿ. ನಮ್ಮ ಡ್ರೈವರಿಗೆ ಇದನ್ನು ಹೇಳಿ ಒಪ್ಪಿಸಿದ್ದೇವೆ, ಬಂಕಿನವರು ಅವಸರ ಮಾಡಿದರೂ ಇಳಿಸುತ್ತಾರೆ.

ಖರ್ಚು ಊರಿಂದ ಊರಿಗೆ ಬೇರೆ, ಹಾಗಾಗಿ ಅಂಕಿ ಹೇಳಿ ದಾರಿ ತಪ್ಪಿಸುವುದಿಲ್ಲ. ನಮ್ಮಲ್ಲಿ ಕೋಟಿಂಗ್ ಕಿಟ್ಟಿಗಿಂತ ತುಕ್ಕು ಬಿಡಿಸಿ, ವೆಲ್ಡ್ ಮಾಡಿ, ಪ್ರೈಮರ್ ಹೊಡೆದ ಕೂಲಿಯೇ ಜಾಸ್ತಿಯಾಯಿತು. ಗಾಡಿ ಹೊಸದಾಗಿರುವಾಗಲೇ ಮಾಡಿಸುವವರಿಗೆ ಇದರಲ್ಲಿ ದೊಡ್ಡ ಪಾಲು ಉಳಿಯುತ್ತದೆ. ಶೋರೂಮಿನಿಂದ ಬಂದ ಬಣ್ಣವನ್ನು ಪೂರ್ತಿ ಕೆರೆಯದೆ ಬರಿಯ ಮಂಕು ಬರುವ ಹಾಗೆ ಉಜ್ಜಿ ಅದರ ಮೇಲೆಯೇ ಹೊಡೆಯಬಹುದು.

ಮಳೆಗಾಲದಲ್ಲಿ ಭಾನುವಾರ ಬೆಳಿಗ್ಗೆ ಮೂರೂ ಡೋರ್ ಇಳಿಸಿ ಬಾಡಿಗೆ ನೀರು ಬಿಡುವುದು, ಕಡ್ಡಿ ಹಾಕಿ ತೂತು ಬಿಡಿಸುವುದು, ಗೀರು ಕಂಡರೆ ಸೀಮೆಸುಣ್ಣದಲ್ಲಿ ಗುರುತು ಹಾಕುವುದು ಈಗ ಡ್ರೈವರಿನ ಕೆಲಸದಲ್ಲೇ ಸೇರಿದೆ. ತೋಟಕ್ಕೆ ಎರಡನೇ ಗಾಡಿ ಬರುವುದಿದೆ. ಅದು ಗೊಬ್ಬರ, ಬೋರ್ಡೋ ಮುಟ್ಟದೆ ಕಾಫಿ, ಮೆಣಸು ಮಾತ್ರ ಸಾಗಿಸುವುದಾದರೆ ಅಲ್ಯೂಮಿನಿಯಂ ಹಾಕಿಸುತ್ತೇನೆ ಅಂತ ಭಾವ ಹೇಳಿದ್ದಾರೆ. ಅದಕ್ಕೆ ನನ್ನ ತಕರಾರಿಲ್ಲ, ಅಡಿಗೆ ರಬ್ಬರ್ ಪಟ್ಟಿ ಕೊಟ್ಟು ಕಬ್ಬಿಣಕ್ಕೆ ತಾಗದಂತೆ ಕೂರಿಸಬೇಕು ಅಂತಷ್ಟೇ ಹೇಳಿದ್ದೇನೆ.